ಮುನ್ನೂರು ಗ್ರಾಂ ಭಯ

"ರೀ, ಸ್ವಲ್ಪ ಸರೀರಿ! ಕೈಯಲ್ಲಿ ಏನಿದೆ ಅಂತ ಕಾಣಿಸ್ತಿಲ್ವಾ?"

ಹೆರಿಗೆ ಕೋಣೆಯ ಬಾಗಿಲನ್ನು ಬೆನ್ನಿನಿಂದಲೇ ತಳ್ಳಿಕೊಂಡು ಹೊರಬಂದಳು ಅವಳು. ಎರಡೂ ಕೈಯಲ್ಲಿ ಒಂದು ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ರಕ್ತ ಹೀರಿ ಭಾರವಾದ ಪ್ಯಾಡುಗಳು. ಒಳಗೆ ಈಗಷ್ಟೇ ಹುಟ್ಟಿದ ಕೂಸು ಛಾವಣಿ ಹಾರಿಹೋಗುವಂತೆ ಅಳುತ್ತಿತ್ತು. ಹೊರಗೆ, ಗೋಡೆ ಪಕ್ಕದ ತೂಕದ ಯಂತ್ರದ ಮುಂದೆ, ಯಾರೋ ಅಪರಿಚಿತ ದಾರಿಗಡ್ಡವಾಗಿ ಮಂಡಿಯೂರಿ ಕುಳಿತಿದ್ದ!

ಅವನು ಗಾಬರಿಯಾಗಲಿಲ್ಲ. ಪಕ್ಕದಲ್ಲಿ ತೆರೆದಿಟ್ಟಿದ್ದ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆಯನ್ನು ಕಾಲಿನಿಂದ ಸರಿಸಿ ಎದ್ದು ನಿಂತ. ಎತ್ತರದ ಆಳು. ಮೂಗಿನ ತುದಿಗೆ ಜಾರಿದ ಕನ್ನಡಕ. ಅಂಗಿಯ ತೋಳಿಗೆ ಎಣ್ಣೆಯ ಕಲೆ.

"ಇಡಿ," ಎಂದ ಮೆಲ್ಲಗೆ.

ಅವಳು ತಟ್ಟೆಯನ್ನು ಯಂತ್ರದ ಮೇಲಿಟ್ಟಳು. ಇನ್ನೂರ ಎಂಬತ್ತು. ತೆಗೆದಳು. ಮತ್ತೆ ಇಟ್ಟಳು. ಇನ್ನೂರ ಎಂಬತ್ತು. ಉಸಿರು ಬಿಗಿಹಿಡಿದು ಮತ್ತೊಮ್ಮೆ ಇಟ್ಟಳು. ಅದೇ ಅಂಕಿ. ಆಮೇಲಷ್ಟೇ ಹಾಳೆಯಲ್ಲಿ ಬರೆದಳು.

"ಮೂರು ಸಲ ತೂಗಿದ್ರಿ," ಎಂದ ಅವನು. "ಯಾಕೆ? ಯಂತ್ರದ ಮೇಲೆ ನಂಬಿಕೆ ಇಲ್ವಾ?"

ಯಾರೂ ಕೇಳದ ಪ್ರಶ್ನೆ... ನಾಲ್ಕು ತಿಂಗಳಿಂದ ಯಾರಾದರೂ ಕೇಳಿಬಿಟ್ಟರೆ ಏನು ಗತಿ ಎಂದು ಅವಳು ನಡುಗುತ್ತಿದ್ದ ಪ್ರಶ್ನೆ!

"ಅಭ್ಯಾಸ," ಎಂದಳು.

ಅಷ್ಟರಲ್ಲಿ ವಾರ್ಡಿನ ಮುಖ್ಯ ನರ್ಸ್ ಓಡೋಡಿ ಬಂದರು. ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದರು. ದೊಡ್ಡಕ್ಕ ಇದ್ದಮೇಲೆ ಚಿಕ್ಕಕ್ಕ ಒಬ್ಬಳು ಬೇಕಲ್ಲ, ಆ ಹೆಸರು ನಮ್ಮ ಹುಡುಗಿಗೆ ಅಂಟಿಕೊಂಡು ಏಳು ವರ್ಷವಾಗಿತ್ತು.

"ಅಯ್ಯೋ, ನೀವಿಬ್ರೂ ಆಗ್ಲೇ ಭೇಟಿ ಆಗ್ಬಿಟ್ರಾ? ಚಿಕ್ಕಕ್ಕ, ಇವ್ರು ಯಾರು ಗೊತ್ತಾ? ಈ ತೂಕದ ಯಂತ್ರಗಳನ್ನ ಮಾಡೋರು. 'ವರ್ಷದ ಸೂಲಗಿತ್ತಿ' ಪ್ರಶಸ್ತಿಗೆ ಪ್ರಾಯೋಜಕರು! ನೀನು ಕೊನೇ ಐದು ಜನರಲ್ಲಿ ಒಬ್ಬಳು ಅಲ್ವಾ, ಐವರ ವಾರ್ಡಿಗೂ ಹೋಗಿ ನೋಡ್ಕೊಂಡು ಬರ್ತಿದ್ದಾರೆ."

ಪ್ರಾಯೋಜಕ! ಇವನ ಮೇಲಾ ತಾನು 'ಸರೀರಿ' ಎಂದು ರೇಗಿದ್ದು?

ಅವನು ಮಾತ್ರ ನಕ್ಕ. "ಸರೀರಿ ಅಂದಿದ್ದೇ ಸರಿ. ದಾರಿಗಡ್ಡ ನಾನೇ ಕೂತಿದ್ದೆ."

ಆಮೇಲೆ ದೊಡ್ಡಕ್ಕನ ಕಡೆ ತಿರುಗಿದ. "ಇವರಿಗೇ ಪ್ರಶಸ್ತಿ ಕೊಡಿ ಅಂತ ಒಬ್ಬ ತಾಯಿ ಬರೆದ ಪತ್ರ ಓದಿದೆ. ನಾಲ್ಕು ತಿಂಗಳ ಹಿಂದಿನ ಆ ಹೆರಿಗೆಯ ಹಾಳೆ ಸ್ವಲ್ಪ ನೋಡಬಹುದಾ? ಯಂತ್ರ ಹೇಗೆ ಬಳಕೆ ಆಗ್ತಿದೆ ಅಂತ ತಿಳ್ಕೊಬೇಕು."

"ಧಾರಾಳವಾಗಿ!" ಎಂದರು ದೊಡ್ಡಕ್ಕ.

ಚಿಕ್ಕಕ್ಕನ ಜೀವ ಬಾಯಿಗೆ ಬಂತು.

* * *

ಆ ಹಾಳೆಯಲ್ಲಿ ಏನಿತ್ತು ಎಂದು ನಿಮಗೂ ಈಗಲೇ ಹೇಳಿಬಿಡುತ್ತೇನೆ. ಅವಳ ಹಾಗೆ ಹೊಟ್ಟೆಯೊಳಗಿಟ್ಟುಕೊಂಡು ಕೂರುವ ತಾಕತ್ತು ನನಗಿಲ್ಲ.

ಹೆರಿಗೆಯಾದ ಮೇಲೆ ತಾಯಿಯಿಂದ ಎಷ್ಟು ರಕ್ತ ಹೋಯಿತು ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳುವಂತಿಲ್ಲ. ಪ್ಯಾಡುಗಳನ್ನು ತೂಗಬೇಕು. ಐನೂರು ಗ್ರಾಂ ದಾಟಿತೋ, ಗಂಟೆ ಒತ್ತಬೇಕು, ಡಾಕ್ಟರ್ ಓಡಿಬರಬೇಕು. ಹಳೆಯ ತಕ್ಕಡಿಯಲ್ಲಿ ತಟ್ಟೆ ಸಮೇತ ತೂಗಿ, ತಟ್ಟೆಯ ಮುನ್ನೂರು ಗ್ರಾಂ ಕಳೆದು ಬರೆಯುತ್ತಿದ್ದರು. ಹೊಸ ಯಂತ್ರ ಹಾಗಲ್ಲ. ಮೊದಲು ಖಾಲಿ ತಟ್ಟೆ ಇಟ್ಟು ಗುಂಡಿ ಒತ್ತಿದರೆ ಆಯಿತು, ತಟ್ಟೆಯ ತೂಕವನ್ನು ಅದೇ ಬಿಟ್ಟುಬಿಡುತ್ತದೆ.

ಆ ದಿನ ಹೊಸ ಯಂತ್ರ ಬಂದು ಒಂದು ವಾರವಾಗಿತ್ತಷ್ಟೆ. ಹೆರಿಗೆಗೆ ಬಂದವಳು ಬಸ್ಸು ಓಡಿಸುವ ಹೆಂಗಸು. ಗುಂಡಿ ಒತ್ತಿದ್ದಳು ಚಿಕ್ಕಕ್ಕ, ಸರಿಯಾಗಿಯೇ ಒತ್ತಿದ್ದಳು. ಯಂತ್ರ ಏಳುನೂರು ಎಂದಿತ್ತು. ಆರು ವರ್ಷದ ಅಭ್ಯಾಸ ಬಿಡಬೇಕಲ್ಲ! ಕೈ ತಾನಾಗಿ ಮುನ್ನೂರು ಕಳೆದು ನಾನೂರು ಎಂದು ಬರೆಯಿತು.

ನಾನೂರು... ಗಂಟೆ ಒತ್ತಬೇಕಾಗಿಲ್ಲ.

ಇಪ್ಪತ್ತು ನಿಮಿಷದ ಮೇಲೆ ಆ ತಾಯಿಯ ತುಟಿ ಬಿಳಿಚಿಕೊಂಡಿತು. ಆಗ ಗಂಟೆ ಒತ್ತಿದಳು, ಡಾಕ್ಟರ್ ಬಂದರು, ಎರಡು ಬಾಟಲಿ ರಕ್ತ ಕೊಟ್ಟರು. ಅಷ್ಟು ಹೊತ್ತೂ ಚಿಕ್ಕಕ್ಕ ಅವಳ ಕೈ ಬಿಡಲಿಲ್ಲ. ತಾಯಿ ಉಳಿದಳು. ಮನೆಗೆ ಹೋಗಿ ಪ್ರಶಸ್ತಿಯವರಿಗೆ ಎರಡು ಪುಟದ ಪತ್ರ ಬರೆದಳು: 'ಈ ಅಕ್ಕ ಇಲ್ಲದಿದ್ದರೆ ನಾನಿರುತ್ತಿರಲಿಲ್ಲ.'

ತಪ್ಪು ಗೊತ್ತಾದದ್ದು ಮರುದಿನ ಬೆಳಗ್ಗೆ, ಖಾಲಿ ತಟ್ಟೆ ತೊಳೆಯುವಾಗ. ನಲ್ಲಿಯ ನೀರು ಹರಿಯುತ್ತಲೇ ಇತ್ತು, ಅವಳು ನಿಂತೇ ಇದ್ದಳು. ಅಂದಿನಿಂದ ಬಾಯಿ ಬಿಟ್ಟಿಲ್ಲ.

* * *

"ತಕ್ಕಡಿ ಸಾಹೇಬ ಇವತ್ತೂ ಬಂದಿದ್ನಾ?" ಸಂಜೆ ಮನೆಗೆ ಬಂದರೆ ಅತ್ತಿಗೆಯದು ಅದೇ ಪ್ರಶ್ನೆ. ಆ ಹೆಸರಿಟ್ಟವರೂ ಅತ್ತಿಗೆಯೇ. ಹೊಲಿಗೆ ಮಿಶಿನ್ನಿನ ಮೇಲೆ ನೀಲಿ ಬಟ್ಟೆ ಹರಡಿತ್ತು, ಪ್ರಶಸ್ತಿ ಸಮಾರಂಭಕ್ಕೆ ನಾದಿನಿ ತೊಡಬೇಕಾದದ್ದು.

"ಬಂದಿದ್ರು."

"ಐದು ವಾರ್ಡಿದೆ ಅಂತೀಯ. ಉಳಿದ ನಾಲ್ಕಕ್ಕೆ ಒಂದೊಂದು ದಿನ, ನಿಮ್ಮದಕ್ಕೆ ದಿನಾ! ಪಾಪ, ಯಂತ್ರ ಅಷ್ಟು ಕೆಟ್ಟಿದೆಯೇನೋ."

ಅತ್ತಿಗೆ ಕಿಸಕ್ಕನೆ ನಕ್ಕರು. ಅವಳು ಮಾತ್ರ ಅರ್ಧ ಊಟಕ್ಕೇ ತಟ್ಟೆ ಸರಿಸಿದಳು.

ಅತ್ತಿಗೆ ಹೇಳಿದ್ದು ನಿಜವೇ. ಅವನು ದಿನವೂ ಮಧ್ಯಾಹ್ನ ಬರುತ್ತಿದ್ದ. ಬಟ್ಟುಗಳನ್ನು ಇಟ್ಟು, ತೆಗೆದು, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಕೆಲಸ ಮುಗಿದ ಮೇಲೆ ಕಾರಿಡಾರಿನ ಬೆಂಚಿನ ಮೇಲೆ ಎರಡು ಲೋಟ ಚಹಾ ಇಟ್ಟುಕೊಂಡು ಕಾಯುತ್ತಿದ್ದ. ಅವಳು ಬರುವುದು ತಡವಾದರೆ ಚಹಾ ಆರಿ ಹೋಗುತ್ತಿತ್ತು, ಅವನು ಹೋಗಿ ಮತ್ತೆ ಬಿಸಿಯದು ತರುತ್ತಿದ್ದ.

"ನನ್ನಮ್ಮ ಸೂಲಗಿತ್ತಿ," ಎಂದಿದ್ದ ಒಂದು ದಿನ. "ಸೈಕಲ್ಲಿಗೆ ಒಂದು ಸ್ಪ್ರಿಂಗ್ ತಕ್ಕಡಿ ನೇತುಹಾಕ್ಕೊಂಡು ಮನೆಮನೆಗೆ ಹೋಗ್ತಿದ್ಲು. ತಕ್ಕಡಿ ಕೆಟ್ರೆ ರಿಪೇರಿ ನಂದು. ಊರಿನ ಅರ್ಧ ಜನ ಅವಳ ಕೈಯಲ್ಲಿ ಹುಟ್ಟಿದ್ದು. ಒಂದು ಚೂರು ಕಾಗದದಲ್ಲಿ ಥ್ಯಾಂಕ್ಸ್ ಅಂತ ಬರೆದುಕೊಟ್ಟೋರಿಲ್ಲ. ಅದಕ್ಕೇ ಈ ಪ್ರಶಸ್ತಿ. ನೀವೆಲ್ಲ ಸ್ಟೇಜ್ ಮೇಲೆ ನಿಂತಾಗ ಅವಳನ್ನ ಮುಂದಿನ ಸಾಲಲ್ಲಿ ಕೂರಿಸ್ತೀನಿ."

ಅವನ ಕಣ್ಣಲ್ಲಿ ಎಂಥ ಆಸೆ! ಅವಳ ಎದೆ ತುಂಬಿ ಬಂತು... ಮರುಕ್ಷಣವೇ ಹೆದರಿಕೆಯಾಯಿತು.

'ಇವನು ಯಾಕೆ ದಿನಾ ಬರ್ತಾನೆ? ನನಗಾಗಿಯಾ? ಅಥವಾ ಆ ಹಾಳೆಗಾಗಿಯಾ? ಚಹಾ ಕೊಟ್ಟು, ನಗಿಸಿ, ನನ್ನ ಬಾಯಿಂದಲೇ ಹೊರಡಿಸಬೇಕು ಅಂತಿದ್ದಾನಾ?'

ಹೀಗೆ ಅನ್ನಿಸಿದಾಗಲೆಲ್ಲ ಅವಳು ಅರ್ಧ ಚಹಾ ಬಿಟ್ಟು ಎದ್ದು ಹೋಗುತ್ತಿದ್ದಳು. ಅವನು ಹಿಂದಿನಿಂದ ನೋಡುತ್ತ ಉಳಿಯುತ್ತಿದ್ದ. ಹುಡುಗಿಗೆ ತನ್ನ ಮುಖ ಹಿಡಿಸಿಲ್ಲ ಎಂದುಕೊಂಡಿದ್ದ, ಪಾಪ.

* * *

ಸಮಾರಂಭಕ್ಕೆ ಮೂರು ದಿನವಿತ್ತು. ಅಂದು ಅವನು ಬಂದಾಗ ಕೈಯಲ್ಲಿ ಚಹಾ ಇರಲಿಲ್ಲ. ಮುಖ ಸುಣ್ಣದಂತೆ ಬಿಳಿಚಿತ್ತು.

"ಎರಡು ನಿಮಿಷ ಕೂತ್ಕೋತೀರಾ?"

ಅವಳು ಕೂತಳು.

"ಆ ದಿನದ ಹಾಳೆ ನೋಡಿದೆ. ಪ್ಯಾಡುಗಳನ್ನ ಕೊನೆಗೆ ಕೆಂಪು ಚೀಲಕ್ಕೆ ಹಾಕಿ ಸುಡೋಕೆ ಕಳಿಸ್ತೀರಲ್ಲ, ಅಲ್ಲೂ ತೂಗ್ತಾರೆ. ಆ ಪುಸ್ತಕವನ್ನೂ ನೋಡಿದೆ. ಎರಡಕ್ಕೂ ತಾಳೆ ಇಲ್ಲ."

ಅವಳು ಬೆಂಚಿನ ಅಂಚು ಹಿಡಿದುಕೊಂಡಳು.

"ಮುನ್ನೂರು ಗ್ರಾಂ ಕಡಿಮೆ. ಸರಿಯಾಗಿ ಒಂದು ತಟ್ಟೆಯ ತೂಕ." ಅವನು ಕನ್ನಡಕ ತೆಗೆದು ಕಣ್ಣೊತ್ತಿಕೊಂಡ. "ತಟ್ಟೆಯನ್ನ ಎರಡು ಸಲ ಕಳೆದಿದೆ."

ಮುಗಿಯಿತು! ಎಲ್ಲ ಮುಗಿಯಿತು! ಅವಳು ಕಣ್ಣು ಮುಚ್ಚಿದಳು.

"ನನ್ನ ಯಂತ್ರ ಎರಡು ಸಲ ಕಳೆದಿದೆ," ಎಂದ ಅವನು.

ಅವಳು ಕಣ್ಣು ಬಿಟ್ಟಳು.

"ನನ್ನ ಯಂತ್ರದಿಂದ ಒಬ್ಬ ತಾಯಿ ಸಾಯ್ತಿದ್ಲು! ಇಲ್ಲಿ ಹತ್ತು ದಿನದಿಂದ ತೂಗಿ ನೋಡ್ತಿದ್ದೀನಿ, ತಪ್ಪು ಸಿಗ್ತಿಲ್ಲ. ಸಿಗದೇ ಇರೋದೇ ಹೆದರಿಕೆ. ಯಾವತ್ತೋ ಒಂದು ಸಲ ತಪ್ಪುತ್ತೆ ಅಂದ್ರೆ, ಯಾವತ್ತು? ಯಾರ ಮೇಲೆ? ಆರುನೂರು ಯಂತ್ರ ಕೊಟ್ಟಿದ್ದೀನಿ, ಆರುನೂರು ವಾರ್ಡಲ್ಲಿವೆ..."

"ಅದು..." ಅವಳ ಬಾಯಿ ತೆರೆಯಿತು. "ಅದು... ಬರೆಯೋವಾಗ ಯಾರಾದ್ರೂ..."

"ನೀವಾ?" ಅವನು ತಲೆಯಾಡಿಸಿದ. ಆ ಬೇಸರದಲ್ಲೂ ಸಣ್ಣಗೆ ನಕ್ಕ. "ಒಂದು ತಟ್ಟೆಯನ್ನ ಮೂರು ಸಲ ತೂಗೋರು ನೀವು. ನಿಮ್ಮ ಕೈ ಮೇಲೆ ನನಗೆ ಅನುಮಾನ ಬರಲ್ಲ."

ಅವಳು ಯಾಕೆ ಮೂರು ಸಲ ತೂಗುತ್ತಾಳೆ ಎಂದು ಅವನಿಗೆ ಗೊತ್ತಿರಲಿಲ್ಲವಲ್ಲ!

"ಎಲ್ಲಾ ಯಂತ್ರಗಳನ್ನೂ ವಾಪಸ್ ತಗೋತೀನಿ. ಸಮಾರಂಭದಲ್ಲೇ ಹೇಳ್ತೀನಿ. ಇಲ್ಲಿಯದನ್ನ ಇವತ್ತೇ ನಿಲ್ಲಿಸಿ. ಕಾರ್ಖಾನೆ ಮುಚ್ಚಬೇಕಾಗಬಹುದು, ಮುಚ್ಚಲಿ."

ಈಗ ಹೇಳಬೇಕಿತ್ತು. ಈ ಕ್ಷಣವೇ ಹೇಳಬೇಕಿತ್ತು. 'ಯಂತ್ರದ ತಪ್ಪಲ್ಲ, ನನ್ನದು.' ಮೂರೇ ಪದ!

ಆದರೆ ಹೇಳಿದರೆ ಕೆಲಸ ಹೋಗುತ್ತದೆ. ಹುಟ್ಟಿದ ಕೂಸನ್ನು ಮೊದಲು ಎತ್ತಿಕೊಳ್ಳುವ ಈ ಕೈಗಳಿಗೆ ಬೇರೆ ಯಾವ ಕೆಲಸವೂ ಬೇಡವಾಗಿತ್ತು. ಮತ್ತೆ... ಇವನೂ ಹೋಗುತ್ತಾನೆ. ನಿಮ್ಮ ಕೈ ಮೇಲೆ ಅನುಮಾನ ಬರಲ್ಲ ಎಂದ ಈ ಮುಖ, ಇನ್ನೊಂದು ಗಳಿಗೆಯಲ್ಲಿ ತಿರುಗಿಕೊಳ್ಳುತ್ತದೆ.

ಅವಳು ತಲೆ ತಗ್ಗಿಸಿ ಕೂತೇ ಇದ್ದಳು. ಅವನು ಯಂತ್ರದ ಮೇಲೆ ಬಿಳಿ ಬಟ್ಟೆ ಹೊದಿಸಿ, 'ಬಳಸಬೇಡಿ' ಎಂಬ ಚೀಟಿ ಅಂಟಿಸಿ ಹೊರಟುಹೋದ.

* * *

ಮರುದಿನ ಬೆಳಗ್ಗೆ ಹತ್ತೂವರೆಗೆ ಹೆರಿಗೆಯಾದವಳು ಹತ್ತೊಂಬತ್ತರ ಹುಡುಗಿ. ಮೊದಲ ಮಗು. ಮಗು ಚೆನ್ನಾಗಿತ್ತು. ಆಮೇಲೆ ರಕ್ತ ಹರಿಯತೊಡಗಿತು.

ಪ್ಯಾಡುಗಳು ತಟ್ಟೆಯಲ್ಲಿ ರಾಶಿ ಬಿದ್ದವು. ಹಳೆಯ ತಕ್ಕಡಿ ಯಾವತ್ತೋ ಗುಜರಿಗೆ ಹೋಗಿತ್ತು. ಮೂವರೂ ಅದನ್ನು ನೋಡುತ್ತ ನಿಂತರು.

"ಮುನ್ನೂರು ಇರಬಹುದು," ಎಂದಳು ಹೊಸ ನರ್ಸ್.

"ಇಲ್ಲ ಕಣೇ, ನಾನೂರಾದ್ರೂ ಆಗಿದೆ," ಎಂದರು ದೊಡ್ಡಕ್ಕ. ಮೂವತ್ತು ವರ್ಷದ ಅನುಭವ ಇದ್ದವರ ಧ್ವನಿಯೂ ಗಟ್ಟಿಯಾಗಿರಲಿಲ್ಲ.

ಚಿಕ್ಕಕ್ಕನ ಕಣ್ಣಿಗೆ ಆರುನೂರು ಕಾಣುತ್ತಿತ್ತು. ಅಥವಾ ಹೆದರಿಕೆಗೆ ಹಾಗೆ ಕಾಣುತ್ತಿತ್ತೋ! ಮೂವರಲ್ಲಿ ಯಾರಿಗೂ ಗೊತ್ತಿಲ್ಲ. ಬಾಗಿಲಾಚೆ, ಎಂಟು ಹೆಜ್ಜೆ ದೂರದಲ್ಲಿ, ಸರಿಯಾದ ಉತ್ತರ ಹೇಳುವ ಯಂತ್ರ ಮುಸುಕು ಹೊದ್ದು ಕೂತಿದೆ. ಅದನ್ನು ಹಾಗೆ ಕೂರಿಸಿದವಳು ತಾನೇ.

"ಅಕ್ಕಾ, ನನಗೇನಾಗ್ತಿದೆ?" ಎಂದಳು ಹುಡುಗಿ ಅವಳ ಕೈ ಹಿಡಿದು. "ಯಾಕೆ ಎಲ್ರೂ ಸುಮ್ನಿದ್ದೀರಿ?"

ಚಿಕ್ಕಕ್ಕ ಗಂಟೆ ಒತ್ತಿದಳು. ಡಾಕ್ಟರ್ ಬಂದರು, ಸೂಜಿ ಕೊಟ್ಟರು, ರಕ್ತ ನಿಂತಿತು. ಹುಡುಗಿ ಉಳಿದಳು. ಈ ಸಲ ಉಳಿದಳು.

ಆರುನೂರು ವಾರ್ಡು! ಯಂತ್ರ ವಾಪಸ್ ಹೋದರೆ ಪ್ರತಿಯೊಂದರಲ್ಲೂ ಹೀಗೆ ಮೂರು ಜನ ತಟ್ಟೆ ನೋಡುತ್ತ ನಿಲ್ಲುತ್ತಾರೆ. ಒಂದು ಕಡೆಯಾದರೂ ಗಂಟೆ ಒತ್ತುವುದು ತಡವಾಗುತ್ತದೆ.

ಅವಳು ಬಚ್ಚಲುಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಮುಖ ತೊಳೆದು ಬಂದವಳೇ ನೇರ ದೊಡ್ಡಕ್ಕನ ಮುಂದೆ ನಿಂತಳು.

ಎಲ್ಲವನ್ನೂ ಕೇಳಿಸಿಕೊಂಡ ದೊಡ್ಡಕ್ಕ ಆ ಹೆರಿಗೆಯ ಹಾಳೆ ತೆಗೆದು ನೋಡಿದರು.

"ನಾಲ್ಕು ತಿಂಗಳು!" ಎಂದರು. "ನನಗಾದ್ರೂ ಹೇಳಬಾರದಿತ್ತೇನೇ? ಈಗ ನಾನು ಮೇಲಿನವರಿಗೆ ಬರೀಲೇಬೇಕು. ವಿಚಾರಣೆ ಆಗುತ್ತೆ. ಏನಾಗುತ್ತೋ ನನ್ನ ಕೈಲಿಲ್ಲ."

"ಬರೀರಿ. ಆದ್ರೆ ಮೊದಲು ನಾನು ಆ ತಾಯಿಗೆ ಹೇಳಿ ಬರ್ತೀನಿ."

* * *

ಬಸ್ ಡಿಪೋದಲ್ಲಿ ಡೀಸೆಲ್ ವಾಸನೆ. ಡ್ರೈವರಮ್ಮ ಖಾಕಿ ಅಂಗಿ ತೊಟ್ಟು, ಬಸ್ಸಿನ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಇವಳನ್ನು ಕಂಡವಳೇ ಎದ್ದು ಬಂದು ತಬ್ಬಿಕೊಂಡಳು.

"ಅಕ್ಕಾ! ಪ್ರಶಸ್ತಿ ಬಂತಾ?"

ಚಿಕ್ಕಕ್ಕ ಬಿಡಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ತಬ್ಬಿಕೊಂಡೇ ಹೇಳುವ ಮಾತಲ್ಲ ಅದು.

ಹೇಳಿದಳು. ಗುಂಡಿ, ತಟ್ಟೆ, ಏಳುನೂರು, ನಾನೂರು... ಇಪ್ಪತ್ತು ನಿಮಿಷ.

ಡ್ರೈವರಮ್ಮನ ಮುಖದ ನಗು ನಿಧಾನವಾಗಿ ಇಳಿಯಿತು.

"ಆ ಇಪ್ಪತ್ತು ನಿಮಿಷ ನಾನು ಏನಂದ್ಕೊಂಡಿದ್ದೆ ಗೊತ್ತಾ? ದೊಡ್ಡ ಮಗಳಿಗೆ ಯಾರು ಜಡೆ ಹಾಕ್ತಾರೆ ಅಂತ. ಅವರಪ್ಪನಿಗೆ ಬರಲ್ಲ. ಅದನ್ನೇ ಯೋಚನೆ ಮಾಡ್ತಿದ್ದೆ. ಸಾಯ್ತೀನಿ ಅಂತ ಗೊತ್ತಾಗೋಗಿತ್ತು ನನಗೆ!"

"ಕ್ಷಮಿಸಿ..."

"ನೀವು ಕೈ ಹಿಡ್ಕೊಂಡಿದ್ರಿ. ದೇವರೇ ಹಿಡ್ಕೊಂಡಿದ್ದಾನೆ ಅಂದ್ಕೊಂಡೆ ನಾನು." ಅವಳು ಬುತ್ತಿಯ ಮುಚ್ಚಳ ಹಾಕಿದಳು. "ಆ ಪತ್ರ ವಾಪಸ್ ತಗೋತೀನಿ. ಹೋಗಿ ಇಲ್ಲಿಂದ."

ಬಸ್ಸಿನ ಬಾಗಿಲು ದಡಾರನೆ ಮುಚ್ಚಿತು. ಚಿಕ್ಕಕ್ಕ ಡಿಪೋದ ಗೇಟಿನವರೆಗೆ ಹೇಗೆ ನಡೆದಳೋ ಅವಳಿಗೇ ನೆನಪಿಲ್ಲ.

* * *

ಇನ್ನುಳಿದದ್ದು ಒಬ್ಬನೇ. ಅವನಿಗೆ ಹೇಳಲು ಧೈರ್ಯ ಸಾಲದೆ ಇನ್ನೂ ಒಂದು ದಿನ ಕಳೆದಳು ಎಂಬುದನ್ನು ಮುಚ್ಚಿಡುವುದಿಲ್ಲ. ಸಮಾರಂಭದ ದಿನ ಬೆಳಗ್ಗೆ ಎಂಟಕ್ಕೆ ಅವನ ಕಾರ್ಖಾನೆಯ ಬಾಗಿಲು ತಟ್ಟಿದಳು.

ಉದ್ದನೆಯ ಮೇಜಿನ ಮೇಲೆ ಬಿಚ್ಚಿಟ್ಟ ಯಂತ್ರಗಳು. ಅವುಗಳ ನಡುವೆ ಅವನು, ಗಡ್ಡ ಬೆಳೆದು, ಕಣ್ಣು ಕೆಂಪಗೆ. ಅವಳನ್ನು ನೋಡಿ ಅವನ ಮುಖ ಒಂದು ಕ್ಷಣ ಅರಳಿತು. ಅದು ತನಗಾಗಿ ಅರಳಿದ್ದು ಎಂದು ಅವಳಿಗೆ ಆಗ ಖಚಿತವಾಗಿ ತಿಳಿಯಿತು. ತಿಳಿಯದಿದ್ದರೇ ಚೆನ್ನಾಗಿತ್ತು.

"ಮಾತಾಡಬೇಡಿ," ಎಂದಳು. "ಮಾತಾಡಿದ್ರೆ ನನ್ನ ಧೈರ್ಯ ಹೋಗುತ್ತೆ. ಸುಮ್ನೆ ನೋಡಿ."

ಅಲ್ಲಿದ್ದ ಒಂದು ತಟ್ಟೆ ತೆಗೆದು ಯಂತ್ರದ ಮೇಲಿಟ್ಟಳು. ಗುಂಡಿ ಒತ್ತಿದಳು. ಸೊನ್ನೆ. ಅವನ ಬಟ್ಟುಗಳನ್ನು ಒಂದೊಂದಾಗಿ ತಟ್ಟೆಗೆ ಹಾಕಿದಳು. ಏಳುನೂರು ಬಂತು. ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು 700 ಎಂದು ಬರೆದಳು. ಅದರ ಕೆಳಗೆ 300 ಕಳೆದಳು. 400 ಬರೆದು ಕಾಗದವನ್ನು ಅವನ ಕಡೆ ತಿರುಗಿಸಿದಳು.

ಅವನು ಕಾಗದ ನೋಡಿದ. ಅವಳನ್ನು ನೋಡಿದ. ಮತ್ತೆ ಕಾಗದ ನೋಡಿದ.

"ಹಳೇ ತಕ್ಕಡಿಯ ಅಭ್ಯಾಸ," ಎಂದಳು. "ನಿಮ್ಮ ಯಂತ್ರ ಸರಿಯಾಗಿತ್ತು. ಅವತ್ತೂ ಸರಿಯಾಗಿತ್ತು."

"ನಿಮಗೆ ಯಾವಾಗ ಗೊತ್ತಾಯ್ತು?"

"ಮರುದಿನವೇ."

"ಅಂದ್ರೆ... ಮೊನ್ನೆ ಬೆಂಚಿನ ಮೇಲೆ ನಾನು ಹಾಗೆ ಒದ್ದಾಡ್ತಿದ್ದಾಗ..."

"ಗೊತ್ತಿತ್ತು."

ಅವನು ಬೆನ್ನು ತಿರುಗಿಸಿ ಕಿಟಕಿಯ ಬಳಿ ಹೋಗಿ ನಿಂತ.

"ಮೂರು ದಿನ ಆಯ್ತು ನಾನು ನಿದ್ದೆ ಮಾಡಿ. ಅಮ್ಮನ ಮುಖ ನೋಡೋಕಾಗದೆ ಇಲ್ಲೇ ಉಳ್ಕೊಂಡಿದ್ದೀನಿ. ಒಂದು ಮಾತು! ಒಂದೇ ಒಂದು ಮಾತು ಹೇಳಬಹುದಿತ್ತು ನೀವು."

"ಹೆದರಿದೆ," ಎಂದಳು. "ಕೆಲಸ ಹೋಗುತ್ತೆ ಅಂತ ಹೆದರಿದೆ. ಆಮೇಲೆ... ನೀವು ಹೋಗ್ತೀರ ಅಂತ ಅದಕ್ಕಿಂತ ಜಾಸ್ತಿ ಹೆದರಿದೆ."

ಅವನು ತಿರುಗಲಿಲ್ಲ.

"ಈಗ ದಯವಿಟ್ಟು ಹೋಗಿ," ಎಂದ.

ಎರಡು ದಿನದಲ್ಲಿ ಇಬ್ಬರು ಅದೇ ಮಾತು ಹೇಳಿದ್ದರು. ಅವಳು ಹೋದಳು.

* * *

ಸಭಾಂಗಣಕ್ಕೆ ಅವಳು ಬರುವವಳೇ ಅಲ್ಲ. ಅತ್ತಿಗೆ ನೀಲಿ ಬಟ್ಟೆ ತೊಡಿಸಿ, ರಟ್ಟೆ ಹಿಡಿದು ಎಳೆದುಕೊಂಡು ಬಂದಿದ್ದರು. "ಪ್ರಶಸ್ತಿ ಇಲ್ದಿದ್ರೆ ಬೇಡ, ನಾನು ಹೊಲಿದಿದ್ದನ್ನಾದ್ರೂ ನಾಲ್ಕು ಜನ ನೋಡಲಿ!" ಎಂದಿದ್ದರು. ಇಬ್ಬರೂ ಕೊನೆಯ ಸಾಲಿನಲ್ಲಿ ಕೂತರು.

ಪ್ರಶಸ್ತಿ ಬೆಟ್ಟದ ಹಳ್ಳಿಗಳಲ್ಲಿ ದುಡಿದ ಒಬ್ಬ ಹಿರಿಯ ಸೂಲಗಿತ್ತಿಗೆ ಬಂತು. ನರೆತ ಕೂದಲಿನ ಆ ಅಮ್ಮ ಫಲಕವನ್ನು ಕೂಸಿನಂತೆ ತೋಳಿಗೆ ಒರಗಿಸಿಕೊಂಡು ನಿಂತರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಲ್ಲಿ ಕೂತಿದ್ದ ಅವನ ತಾಯಿ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಆಮೇಲೆ ಮೈಕಿನ ಮುಂದೆ ಅವನು ಬಂದು ನಿಂತ.

ಪಕ್ಕದಲ್ಲಿದ್ದ ಅತ್ತಿಗೆ ಚಿಕ್ಕಕ್ಕನ ಕೈ ಹಿಡಿದುಕೊಂಡರು. 'ಈಗ ಹೇಳ್ತಾನೆ. ನನ್ನ ವಾರ್ಡಿನ ಹೆಸರು ಹೇಳ್ತಾನೆ. ಹೇಳಲಿ... ಹೇಳೋದೇ ನ್ಯಾಯ.'

"ನಮ್ಮ ಯಂತ್ರ ಸರಿಯಾಗಿದೆ ಅಂತ ಇವತ್ತು ಬೆಳಗ್ಗೆ ಗೊತ್ತಾಯ್ತು," ಎಂದ ಅವನು. "ಆದ್ರೆ ಒಬ್ಬ ತಾಯಿಯ ರಕ್ತದ ಲೆಕ್ಕ ತಪ್ಪಿತ್ತು. ಯಂತ್ರ ಒಂದು ಸಲ ತಟ್ಟೆ ಕಳೀತು, ಹಳೇ ಅಭ್ಯಾಸದ ಕೈ ಇನ್ನೊಂದು ಸಲ ಕಳೀತು. ತಟ್ಟೆ ಕಳೆದಾಗಿದೆ ಅಂತ ಯಂತ್ರ ತೋರಿಸೋದು ಸಾಸಿವೆಯಷ್ಟು ಚಿಕ್ಕ ದೀಪದಲ್ಲಿ. ಅದು ನನ್ನ ತಪ್ಪು, ಸರಿಮಾಡ್ತೀನಿ. ಈ ತಪ್ಪು ಒಬ್ಬರೇ ಮಾಡಿದ್ದಾ, ಇನ್ನೂ ಬೇರೆ ಕಡೆ ಆಗಿದೆಯಾ ಅಂತ ನನಗೆ ಗೊತ್ತಾಗಬೇಕು. ನಿಮ್ಮಲ್ಲಿ ಯಾರಿಗಾದ್ರೂ ಹೀಗಾಗಿದೆಯಾ?"

ಸಭಾಂಗಣ ಗಪ್‌ಚಿಪ್ಪಾಯಿತು. ನಾನೂರು ಸೂಲಗಿತ್ತಿಯರು. ಒಬ್ಬರೂ ಕದಲಲಿಲ್ಲ. ಎಲ್ಲರ ದೃಷ್ಟಿಯೂ ತಮ್ಮ ತಮ್ಮ ಮಡಿಲಲ್ಲಿತ್ತು.

ಆ ಮೌನ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ತಿಂಗಳು ಅವಳು ಬದುಕಿದ್ದು ಅದರೊಳಗೇ.

ಅವನು ಹೆಸರು ಹೇಳಿರಲಿಲ್ಲ. ಸುಮ್ಮನೆ ಕೂತರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ.

ಅವಳು ಅತ್ತಿಗೆಯ ಕೈ ಬಿಡಿಸಿಕೊಂಡು ಎದ್ದು ನಿಂತಳು.

"ನಾನು," ಎಂದಳು. ಯಾರಿಗೂ ಕೇಳಿಸಲಿಲ್ಲ. ಜೋರಾಗಿ ಮತ್ತೆ ಹೇಳಿದಳು. "ಅವತ್ತು ಎರಡು ಸಲ ಕಳೆದಿದ್ದು ನಾನು. ಆ ತಾಯಿಗೆ ಇಪ್ಪತ್ತು ನಿಮಿಷ ತಡವಾಯ್ತು. ನಾಲ್ಕು ತಿಂಗಳು ಹೆದರಿ ಮುಚ್ಚಿಟ್ಟಿದ್ದೆ."

ನಾನೂರು ತಲೆಗಳು ಹಿಂದೆ ತಿರುಗಿದವು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ!

ಆಗ ವೇದಿಕೆಯ ಮೇಲಿದ್ದ ಆ ಹಿರಿಯ ಸೂಲಗಿತ್ತಿ ಫಲಕವನ್ನು ಎಡಗೈಗೆ ಬದಲಾಯಿಸಿಕೊಂಡರು. ಬಲಗೈ ಎತ್ತಿದರು.

"ನಾನೂ," ಎಂದರು. "ಎರಡು ಸಲ."

ಎಡಗಡೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಕಂಬದ ಹಿಂದೆ ಇನ್ನೊಂದು. ಆಮೇಲೆ ಅಲ್ಲೊಂದು, ಇಲ್ಲೊಂದು... ಹದಿನೇಳು ಕೈಗಳು. ಅವನು ವೇದಿಕೆಯ ಮೇಲಿಂದ ಒಂದೊಂದನ್ನೂ ನೋಡುತ್ತಿದ್ದ. ಕೊನೆಗೆ ಅವನ ಕಣ್ಣು ಕೊನೆಯ ಸಾಲಿನ ನೀಲಿ ಬಟ್ಟೆಯ ಮೇಲೆ ಬಂದು ನಿಂತಿತು.

* * *

ಹೊರಗಿನ ಮೆಟ್ಟಿಲ ಮೇಲೆ ಮಧ್ಯಾಹ್ನದ ಬಿಸಿಲಿತ್ತು. ಅಲ್ಲಿ ಮೊದಲು ಅವಳನ್ನು ತಡೆದು ನಿಲ್ಲಿಸಿದ್ದು ಡ್ರೈವರಮ್ಮ. ಖಾಕಿ ಅಂಗಿಯಲ್ಲೇ ಬಂದಿದ್ದಳು. ಮುಖದಲ್ಲಿ ನಗುವಿರಲಿಲ್ಲ.

"ಪತ್ರ ವಾಪಸ್ ತಗೊಂಡಿದ್ದು ತಗೊಂಡಿದ್ದೇ," ಎಂದಳು. "ಆದ್ರೆ ನಾಳೆ ವಿಚಾರಣೆಗೆ ನನ್ನೂ ಕರೆದಿದ್ದಾರೆ. ನೀವಾಗೇ ಬಂದು ಹೇಳಿದ್ರಿ ಅಂತ ಹೇಳ್ತೀನಿ. ಕೈ ಬಿಡಲಿಲ್ಲ ಅಂತಾನೂ ಹೇಳ್ತೀನಿ. ಎರಡೂ ನಿಜ ಅಲ್ವಾ?"

ಉತ್ತರಕ್ಕೂ ಕಾಯದೆ ಇಳಿದು ಹೋದಳು. ಬಸ್ಸಿನ ಸಮಯವಾಗಿತ್ತು.

ಚಿಕ್ಕಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿಸಿತು. ಅವನು ಬಂದು ಪಕ್ಕದಲ್ಲಿ, ಒಂದು ಮೊಳ ಜಾಗ ಬಿಟ್ಟು ಕೂತ.

"ಸಿಟ್ಟು ಹೋಯ್ತಾ?" ಎಂದು ಕೇಳಿದಳು ಅವಳು. ಅವನ ಕಡೆ ನೋಡಲು ಧೈರ್ಯವಿರಲಿಲ್ಲ.

"ಇಲ್ಲ."

"ಮತ್ತೆ ಯಾಕೆ ಬಂದ್ರಿ?"

"ಸಿಟ್ಟು ಇನ್ನೊಂದು ವಾರ ಇರುತ್ತೇನೋ. ಅಲ್ಲಿವರೆಗೂ ನಿಮ್ಮನ್ನ ನೋಡದೇ ಇರೋಕಾಗಲ್ಲ ಅಂತ ಬೆಳಗ್ಗೆ ಎಂಟೂವರೆಗೇ ಗೊತ್ತಾಯ್ತು." ಅವನು ಕನ್ನಡಕ ಮೇಲೆ ತಳ್ಳಿದ. "ನೀವು ಹೋಗಿ ಅರ್ಧ ಗಂಟೆನೂ ಆಗಿರಲಿಲ್ಲ."

ಅವಳ ಕಣ್ಣು ತುಂಬಿತು. "ನಾಳೆ ವಿಚಾರಣೆ. ನನ್ನ ಕೆಲಸ ಹೋಗಬಹುದು."

"ಹೋಗಬಹುದು."

"ಸುಳ್ಳಾದ್ರೂ ಹೋಗಲ್ಲ ಅನ್ನಬಾರದಾ?"

"ಸುಳ್ಳು ಬೇಡ. ನಮ್ಮಿಬ್ಬರಿಗೂ ಅದು ಒಗ್ಗಲ್ಲ ಅಂತ ನೋಡಿದ್ವಲ್ಲ." ಅವನು ಆ ಒಂದು ಮೊಳ ಜಾಗವನ್ನು ದಾಟಿ ಹತ್ತಿರ ಸರಿದ. "ಒಳಗೆ ನಿಮ್ಮ ಜೊತೆ ಬರೋಕೆ ನನ್ನ ಬಿಡಲ್ಲ. ಬಾಗಿಲ ಹೊರಗೆ ಕೂತಿರ್ತೀನಿ. ಏನೇ ಹೇಳಿ ಕಳಿಸಿದ್ರೂ ಮೊದಲು ನನಗೆ ಹೇಳಿ."

"ನನಗೆ ತುಂಬಾ ಭಯ ಆಗ್ತಿದೆ," ಎಂದಳು ಅವಳು.

"ನನಗೂ," ಎಂದ ಅವನು. "ಕೈ ಕೊಡಿ."

ಅವಳು ಕೊಟ್ಟಳು. ಅವನ ಅಂಗೈ ಕೂಡ ಬೆವೆತು ಒದ್ದೆಯಾಗಿತ್ತು.